ಫ್ರಿಜ್ಜಿಗೆ ನೀರು ಹಾಕಿದ್ರೇನ್ರಿ?

ನಿವೃತ್ತನಾದ ಮೇಲೂ ಗಂಡಸಿಗೆ ಒಂದು ಹುದ್ದೆ ಬೇಕು. ನನಗೆ ಸಿಕ್ಕಿರುವುದು ಕಂಪ್ರೆಸರ್ ಹುದ್ದೆ.

ಕಲಬುರಗಿ ಆಚೆಯ ನಮ್ಮ ಹೊಲದ ಮನೆಗೆ ಕರೆಂಟಿನ ಕಂಬ ಇನ್ನೂ ಬಂದಿಲ್ಲ. ಬಿಸಿಲಿಗೆ ಮಾತ್ರ ಅರ್ಜಿ ಗುಜರಾಯಿಸಬೇಕಿಲ್ಲ, ಮೇ ತಿಂಗಳಲ್ಲಿ 42 ಡಿಗ್ರಿ ತಾನಾಗಿ ಬಂದು ಕೂರುತ್ತದೆ. ಬೆಳಿಗ್ಗೆ ತಂದ ಮೆಂತ್ಯ ಪಲ್ಲೆ ಮಧ್ಯಾಹ್ನಕ್ಕೆ ಬಾಡಿ ಮಲಗುತ್ತದೆ. "ನಾನಿಲ್ವಾ?" ಎಂದು ಕುಂಬಾರರ ಓಣಿಗೆ ಹೋಗಿ ದೊಡ್ಡದೊಂದು, ಸಣ್ಣದೊಂದು ಗಡಿಗೆ ತಂದೆ. ಒಂದರೊಳಗೊಂದು ಇಟ್ಟು, ನಡುವಿನ ಎರಡು ಬೆರಳ ಸಂದಿಗೆ ಉಸುಕು ತುಂಬಿ, ಉಸುಕು ತೊಯ್ಯುವಷ್ಟು ನೀರು ಸುರಿದು, ಬಾಯಿಗೆ ಹಸಿ ಗೋಣಿತಟ್ಟು ಮುಚ್ಚಿದೆ.

ಮನೆಯವಳು ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. "ಇದರ ಸ್ವಿಚ್ ಎಲ್ಲಿ ಅದರಿ?"

ನಾನು ಉಪನ್ಯಾಸಕ್ಕೆ ಕಾದು ನಿಂತವನೇ. ಒಂದು ಲೀಟರ್ ನೀರು ಆರುವಾಗ ಸುಮಾರು 2,400 ಕಿಲೋಜೂಲ್ ಶಾಖ ನುಂಗುತ್ತದೆ, ಗಡಿಗೆಯ ಮೈಯಿಂದಲೇ ಅದನ್ನು ಕಸಿದುಕೊಳ್ಳುತ್ತದೆ ಎಂದೆ. ನೈಜೀರಿಯಾದ ಮೇಷ್ಟ್ರು ಮೊಹಮ್ಮದ್ ಬಾ ಅಬ್ಬಾ ಇಂಥದ್ದೇ ಗಡಿಗೆಗೆ 2000ದ ರೋಲೆಕ್ಸ್ ಪ್ರಶಸ್ತಿ ಪಡೆದರು, 3 ದಿನಕ್ಕೆ ಕೆಡುವ ಬದನೆಕಾಯಿ ಅವರ ಗಡಿಗೆಯಲ್ಲಿ 27 ದಿನ ಬಾಳಿತಂತೆ ಎಂದೆ.

"27 ದಿನಾ ಬದನಿಕಾಯಿ ಉಳೀತಂದ್ರ, ಆ ಮನ್ಯಾಗ ಯಾರಿಗೂ ಎಣಗಾಯಿ ಮಾಡ್ಲಿಕ್ಕೆ ಬರ್ತಿದ್ದಿಲ್ಲ ಕಾಣ್ತದ."

ಮೂರನೆಯ ದಿನ ತಟ್ಟು ಸರಿಸಿ ನೋಡಿದರೆ ಕೊತ್ತಂಬರಿ ಎಲೆ ಇನ್ನೂ ಸೆಟೆದು ನಿಂತಿತ್ತು, ಮುರಿದರೆ ದಂಟು ಚಟ್ಟೆಂದಿತು. (ಹಾಲಿಗೆ ಈ ತಂಪು ಸಾಲದು. ಕಾಯಿಸಿ ಹೆಪ್ಪು ಹಾಕುವುದೇ ಲೇಸು.) ಅಂದಿನಿಂದ ಮನೆಯಲ್ಲಿ ಗಡಿಗೆಯ ಮರ್ಯಾದೆ ಏರಿತು, ನನ್ನದು ಇಳಿಯಿತು. ಅದಕ್ಕೆ ನೆರಳೂ ಬೇಕು, ಗಾಳಿಯೂ ಬೇಕು. ಎರಡೂ ಇರುವ ಜಾಗ ಮನೆಯಲ್ಲಿ ಒಂದೇ, ಪಡಸಾಲೆಯ ಬಾಗಿಲ ಪಕ್ಕ, ನನ್ನ ಆರಾಮ ಕುರ್ಚಿ ಇದ್ದಲ್ಲಿ. ಈಗ ಅಲ್ಲಿ ಗಡಿಗೆ ಕೂತಿದೆ, ನಾನು ಒಲೆಯ ಮಗ್ಗುಲಿಗೆ ಬಂದಿದ್ದೇನೆ. ಚೆಂದ ಕಾಣಲಿ ಎಂದು ಮಗಳು ಆಯಿಲ್ ಪೇಂಟ್ ಡಬ್ಬಿ ಹಿಡಿದು ಬಂದಾಗಲಂತೂ ಗಡಿಗೆಗೆ ಅಡ್ಡ ಬಿದ್ದೆ. ಸಣ್ಣ ರಂಧ್ರಗಳೆಲ್ಲ ಮುಚ್ಚಿಹೋದರೆ ಅದು ಬೆವರುವುದು ಹೇಗೆ? ಇಲ್ಲಿ ಬೆವರುವ ಹಕ್ಕು ಇಬ್ಬರಿಗೆ, ತಂಪಾಗುವ ಯೋಗ ಅದೊಂದಕ್ಕೆ.

ಸುದ್ದಿ ಕೇಳಿ ಮಂಗಳೂರಿನಲ್ಲಿರುವ ಭಾವಮೈದುನನೂ ಗಡಿಗೆ ಹೂಡಿದ. ವಾರದೊಳಗೆ ಅವನ ಹಸಿಮೆಣಸಿನಕಾಯಿಗೆ ಬೂಷ್ಟು ಹಿಡಿದು ಗಡ್ಡ ಬಂತು. ಅಲ್ಲಿಯ ಗಾಳಿ ಮೊದಲೇ ಹೊಟ್ಟೆ ತುಂಬ ನೀರು ಕುಡಿದಿರುತ್ತದೆ, ನಿನ್ನ ಗಡಿಗೆಯದನ್ನು ಯಾಕೆ ಮುಟ್ಟೀತು ಎಂದು ಸಮಾಧಾನ ಹೇಳಿದೆ. ನಮ್ಮ ಗಾಳಿಗೆ ಬಾಯಾರಿಕೆ ಜಾಸ್ತಿ. ಬೆಳಿಗ್ಗೆ, ಸಂಜೆ ಉಸುಕಿಗೆ ಚೊಂಬುಗಟ್ಟಲೆ ನೀರು ಹಾಕಬೇಕು, ಝಳ ಹೆಚ್ಚಿದರೆ ನಡುಮಧ್ಯಾಹ್ನವೂ. ಆ ನೀರು ಬಾವಿಯಿಂದ ಬರಬೇಕು, ಬಾವಿಯಿಂದ ತರಲು ನಾನಿದ್ದೇನೆ.

ಹೋದ ವಾರ ಬೀದರಿನಲ್ಲಿ ಮದುವೆ. ಎಲ್ಲರೂ ಹೊರಟರು. ಫ್ರಿಜ್ಜನ್ನು ಒಂಟಿಯಾಗಿ ಬಿಟ್ಟು ಬರುವುದು ಹೇಗೆಂದು ನನ್ನನ್ನು ಬಿಟ್ಟುಹೋದರು. ರಾತ್ರಿ ಫೋನ್ ಬಂತು. ಅವಲಕ್ಕಿ ತಿಂದು ಮಲಗಿದ್ದ ನಾನು, ಊಟದ ವಿಚಾರಣೆ ಇರಬಹುದೆಂದು ದನಿಯನ್ನು ಸ್ವಲ್ಪ ಸೊರಗಿಸಿಕೊಂಡು "ಹಲೋ" ಎಂದೆ.

"ಕೊತ್ತಂಬರಿ ಹ್ಯಾಂಗ ಅದರಿ?" ಅಂದಳು.