ಸೋಡಾಗೊಂದು ಸಾಲ್ವರ್ ಬೇಕಾಗಿದೆ

ನಮ್ಮ ಇಂಜಿನಿಯರಿಂಗ್ ಹುಡುಗರಿಗೊಂದು ಚಾಳಿ. ಕಂಪ್ಯೂಟರಿನಲ್ಲಿ ನೀರು ಹರಿಸಬೇಕೆಂದರೆ ಓಪನ್‌ಫೋಮ್ ಎಂಬ ತಂತ್ರಾಂಶ ತೆರೆದು, ಪಟ್ಟಿಯಲ್ಲಿ ಅತಿ ಉದ್ದದ ಹೆಸರಿನ ಸಾಲ್ವರ್, ಅಂದರೆ ಲೆಕ್ಕ ಬಿಡಿಸುವ ಪ್ರೋಗ್ರಾಂ, ಯಾವುದೆಂದು ಹುಡುಕುತ್ತಾರೆ. ಇಂಟರ್‌ಫೋಮ್ ಎಂಬ ಗಿಡ್ಡ ಹೆಸರಿನದೆಂದರೆ ಮೂಗು ಮುರಿಯುತ್ತಾರೆ. 'ಐಕೊರಿಯಾಕ್ಟಿಂಗ್‌ಮಲ್ಟಿಫೇಸ್‌ಇಂಟರ್‌ಫೋಮ್' ಎಂದು ಒಂದೇ ಉಸಿರಿಗೆ ಅಂದವನಿಗೆ ಅರ್ಧ ಪಿಎಚ್‌ಡಿ ಸಿಕ್ಕ ಹಾಗೆ! 2004ರಿಂದ ಪುಕ್ಕಟೆ ಸಿಗುತ್ತಿರುವ ಮಾಲು, ಬಿಟ್ಟವರುಂಟೇ?

ಸ್ವಾಮಿ, ಮೊದಲು ನಿಮ್ಮ ಬಾಟಲಿಯಲ್ಲಿ ಏನಿದೆ ಹೇಳಿ. ಗೋಲಿ ಸೋಡಾ ಅಂತಿಟ್ಟುಕೊಳ್ಳಿ. ಕಣ್ಣಿಗೆ ಕಾಣುವುದು ದ್ರವ, ಅನಿಲ, ಎರಡೇ ಫೇಸ್. ಆದರೆ ದ್ರವದಲ್ಲಿ ನೀರಿನ ಜೊತೆ ಕರಗಿದ ಇಂಗಾಲದ ಡೈಆಕ್ಸೈಡ್ ಇದೆ. ಗುಳ್ಳೆಯೊಳಗೆ ಅದೇ ಅನಿಲದ ಜೊತೆ ಒಂದಿಷ್ಟು ನೀರಾವಿ. ಯಾವುದು ಎಲ್ಲಿಂದ ಎಲ್ಲಿಗೆ ದಾಟುತ್ತದೆ ಎಂಬುದೇ ಇಲ್ಲಿಯ ತಕರಾರು.

ಇಂಟರ್‌ಫೋಮ್ ಕೇಳುವುದು ಒಂದೇ ಪ್ರಶ್ನೆ: ಲೆಕ್ಕಕ್ಕೆ ಹಾಕಿದ ಮೆಶ್ ಎಂಬ ಬಲೆಯ ಈ ಕೋಶದಲ್ಲಿ ನೀರಿನ ಪಾಲೆಷ್ಟು? 1 ಅಂದರೆ ಪೂರ್ತಿ ನೀರು, 0 ಅಂದರೆ ಬರೀ ಗಾಳಿ, ನಡುವಿನದಾದರೆ ಅಲ್ಲೇ ಮೇಲ್ಮೈ. ಹರ್ಟ್ ಮತ್ತು ನಿಕೋಲ್ಸ್ 1981ರಲ್ಲಿ ಪ್ರಕಟಿಸಿದ ಉಪಾಯ, ಇವತ್ತಿಗೂ ಗಟ್ಟಿ. ಆದರೆ ಕರಗುವುದು, ಆವಿಯಾಗುವುದು ಅದಕ್ಕೆ ಗೊತ್ತೇ ಇಲ್ಲ. ವಾರವಿಡೀ ಓಡಿಸಿದರೂ ನಿಮ್ಮ ಸೋಡಾ ಸಪ್ಪೆಯಾಗುವುದಿಲ್ಲ. ಅಂಗಡಿಯವನಿಗೆ ಲಾಭ, ನಿಮಗೇನು?

ಇಂಟರ್‌ಮಿಕ್ಸಿಂಗ್‌ಫೋಮ್ ಇದೆಯಲ್ಲ ಎಂದು ಹಿಗ್ಗಬೇಡಿ. ಅದರಲ್ಲಿ ಮೂರು ದ್ರವ್ಯ, ಬೆರೆಯುವುದು ಎರಡು ಮಾತ್ರ. ಪಾನಕ, ನೀರು, ಮೇಲೆ ಗಾಳಿ, ಅಷ್ಟಕ್ಕೆ ಸರಿ.

ಗುಳ್ಳೆ ಸಾವಿರಾರಿದ್ದು, ಒಂದೊಂದರ ಅಂಚು ಬಿಡಿಸುವಷ್ಟು ಸಣ್ಣ ಮೆಶ್ ಹಾಕುವ ತಾಕತ್ತು ಯಂತ್ರಕ್ಕಿಲ್ಲದಿದ್ದರೆ 'ರಿಯಾಕ್ಟಿಂಗ್‌ಟೂಫೇಸ್‌ಯೂಲರ್‌ಫೋಮ್' ಬೇಕು. ಅದು ಅಂಚಿನ ಹಟ ಬಿಟ್ಟು, ಪ್ರತಿ ಕೋಶದಲ್ಲೂ ಎರಡೂ ಫೇಸ್ ಇವೆ, ಎರಡಕ್ಕೂ ಬೇರೆ ಬೇರೆ ವೇಗ ಎಂದು ಒಪ್ಪಿಕೊಳ್ಳುತ್ತದೆ. ಯಾವ ಘಟಕ ಎಷ್ಟು ದಾಟಿತು ಎಂದೂ ಲೆಕ್ಕ ಇಡುತ್ತದೆ. ಗುಳ್ಳೆಯ ವ್ಯಾಸ, ಡ್ರ್ಯಾಗ್ ಮಾದರಿ, ಅನಿಲ ಕರಗುವಿಕೆಯ ಹೆನ್ರಿ ನಿಯಮದ ಸ್ಥಿರಾಂಕ ಮಾತ್ರ ನೀವೇ ಕೊಡಬೇಕು. ಬಾಯಿಗೆ ಬಂದ ಅಂಕಿ ತುಂಬಿದರೂ ಬಣ್ಣಬಣ್ಣದ ಚಿತ್ರ ಬರುತ್ತದೆ, ಗೈಡ್ ತಲೆದೂಗುತ್ತಾರೆ. ಒಪ್ಪದಿರುವುದು ಸೋಡಾ ಒಂದೇ.

ಇಷ್ಟು ಹೆಸರು ಬಾಯಿಪಾಠ ಮಾಡುವ ಹೊತ್ತಿಗೆ ಏನಾಯಿತು? ಓಪನ್‌ಫೋಮ್ ಫೌಂಡೇಶನ್‌ನವರು 2023ರ 11ನೇ ಆವೃತ್ತಿಯಲ್ಲಿ ಇಂಟರ್‌ಫೋಮನ್ನು 'ಇನ್‌ಕಂಪ್ರೆಸಿಬಲ್‌ವಿಒಎಫ್' ಎಂಬ ಮಾಡ್ಯೂಲ್ ಮಾಡಿಬಿಟ್ಟರು. ಉದ್ದದ ಹೆಸರಿನ ಆಸೆ ಅಲ್ಲಿಗೂ ತೀರಿತು.

ಕರಗುವ, ಕುದಿಯುವ ತಂಟೆ ಇಲ್ಲವೇ? ಹಾಗಾದರೆ ಇಂಟರ್‌ಫೋಮ್ ಇಲ್ಲವೇ ಅದರ ಈ ಹೊಸ ರೂಪ ಸಾಕು ಕಣ್ರೀ. ಅದರ ಜೊತೆಗೇ ಬರುವ 'ಡ್ಯಾಂಬ್ರೇಕ್' ಪಾಠ ಸಾಧಾರಣ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಮೊದಲು ಅದನ್ನು ಓಡಿಸಿ ನೋಡಿ, ಆಮೇಲೆ ಉದ್ದದ ಹೆಸರಿಗೆ ಕೈಹಾಕಿ.