ಚಪ್ಪಾಳೆ ಮಾಮ

ಚಪ್ಪಾಳೆ ಮಾಮ ಯಾರ ಮನೆಗೆ ಹೋದರೂ ಕೂಡಲೇ ಕೂರುವವರಲ್ಲ. ಹಾಲ್‌ನ ನಡುವೆ ನಿಂತು, ತಲೆಯನ್ನು ತುಸು ಓರೆ ಮಾಡಿ, ಒಂದೇ ಒಂದು ಚಪ್ಪಾಳೆ ಹೊಡೆಯುತ್ತಾರೆ. ಆಮೇಲೆ ಕಣ್ಣು ಮುಚ್ಚಿ, ಗೋಡೆಗಳು ಅದಕ್ಕೆ ಏನು ಉತ್ತರ ಕೊಟ್ಟವು ಎಂದು ಆಲಿಸುತ್ತಾರೆ. ಶಬ್ದ ಆ ಗೋಡೆಯಿಂದ ಈ ಗೋಡೆಗೆ ಪುಟಿದು 'ಟ್ರ್‌ರ್‌ರ್' ಎಂದು ನಡುಗಿತೋ, ಅವರ ಮುಖ ಸಪ್ಪಗಾಗುತ್ತದೆ. "ಎರಡೂ ಕಡೆ ಬೋಳು ಗೋಡೆ ಮಾರಾಯ್ರೆ, ಒಂದು ಕಡೆಗಾದ್ರೂ ದಪ್ಪ ಪರದೆ ಹಾಕ್ಸಿ" ಎಂದು ಹೇಳಿದ ಮೇಲೆಯೇ ನೀರಿನ ಲೋಟಕ್ಕೆ ಕೈ ಹಾಕುವುದು. ಅಂಕೋಲೆಯಲ್ಲಿ ಒಂದು ಮನೆ ಒಕ್ಕಲಿಗೆ ಹೋದಾಗ ಇವರ ಚಪ್ಪಾಳೆ ಕೇಳಿ, ಪೂಜೆ ಮುಗಿಯಿತೆಂದುಕೊಂಡು ನೆಂಟರೆಲ್ಲ ಚಪ್ಪಾಳೆ ತಟ್ಟಿದರು. ಭಟ್ಟರು ಮಂತ್ರವನ್ನು ಅರ್ಧಕ್ಕೇ ನಿಲ್ಲಿಸಿ ದಕ್ಷಿಣೆಗೆ ಕಾಯತೊಡಗಿದರು. ಸಾವಿನ ಮನೆಗೆ ಹೋಗುವಾಗ ಮಾತ್ರ ಅವರ ಹೆಂಡತಿ ಅವರ ಬಲಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿರುತ್ತಾರೆ. ಈ ವಯಸ್ಸಿನಲ್ಲೂ ಎಂಥ ಅನ್ಯೋನ್ಯ ಎಂದು ಊರಿನವರು ಮೆಚ್ಚಿಕೊಳ್ಳುತ್ತಾರೆ.

ಇಂಥವರು ಊರಿಗೊಬ್ಬರು ಮೊದಲಿನಿಂದಲೂ ಇದ್ದಾರೆ. ರೇಡಿಯೋ ಕಾಲದಲ್ಲಿ ಧಾರವಾಡ ಆಕಾಶವಾಣಿಯ ಗೊರಗೊರ ಕಳೆಯಲು ತೆಂಗಿನ ಮರಕ್ಕೆ ತಂತಿ ಕಟ್ಟಿದವರು, ದೂರದರ್ಶನ ಬಂದಾಗ ಮಾಡು ಹತ್ತಿ ಆಂಟೆನಾವನ್ನು ಗೋವಾದ ಕಡೆಗೆ ತಿರುಗಿಸುತ್ತ "ಈಗ ಬಂತಾ? ಈಗ?" ಎಂದು ಕೂಗಿದವರು ಇವರೇ. ಈಗ ತಂತಿಯೂ ಇಲ್ಲ, ಆಂಟೆನಾವೂ ಇಲ್ಲ. ತಿರುಗಿಸಲು ಏನೂ ಉಳಿಯದೆ ಅವರು ಕೋಣೆಯನ್ನೇ ತಿದ್ದಲು ಹೊರಟಿದ್ದಾರೆ.

ನಮ್ಮ ಮಾಮನ ಮನೆ ಕಾರವಾರ ತಾಲೂಕಿನ ಕಿನ್ನರದಲ್ಲಿ, ಕಾಳಿ ನದಿಯ ಕಡೆಗೆ ಮುಖ ಮಾಡಿ ಇದೆ. ಹೆಂಡತಿ ಶಾಲೆಯಲ್ಲಿ ಅಕ್ಕೋರಾಗಿದ್ದವರು, ನಿವೃತ್ತಿಯಾದರೂ ಊರಿಗೆಲ್ಲ ಅಕ್ಕೋರೇ. ಮಾಮ ಕೈಗಾ ಅಣುವಿದ್ಯುತ್ ಸ್ಥಾವರದಲ್ಲಿ ಮೀಟರು, ಗೇಜುಗಳ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅಳೆಯದ ವಸ್ತುವನ್ನು ಅವರು ನಂಬುವುದಿಲ್ಲ, ಅಳೆದದ್ದನ್ನು ಇನ್ನೊಮ್ಮೆ ಅಳೆಯದೆ ಬಿಡುವುದಿಲ್ಲ. ಕೈಗಾದ ಒಂದನೇ ಘಟಕ 2018ರಲ್ಲಿ 962 ದಿನ ಎಡೆಬಿಡದೆ ಓಡಿ ಆಗಿನ ಜಾಗತಿಕ ದಾಖಲೆ ಮಾಡಿತು. ಆ ಹೆಮ್ಮೆಯನ್ನು ಅವರು ಈಗಲೂ ಹೇಳಿಕೊಳ್ಳುತ್ತಾರೆ. ಆದರೆ ಅವರ ಮನೆಯಲ್ಲಿ ಭೀಮಸೇನ ಜೋಶಿಯವರು ಇಷ್ಟು ವರ್ಷಗಳಲ್ಲಿ ಒಮ್ಮೆಯೂ ದ್ರುತಕ್ಕೆ ಬಂದಿಲ್ಲ. ವಿಲಂಬಿತದ ಎರಡನೇ ಆವರ್ತನಕ್ಕೇ ಮಾಮ ಎದ್ದು, "ತಡೀರಿ, ಡಗ್ಗಾ ಸ್ವಲ್ಪ ಊದಿಕೊಂಡದೆ" ಎಂದು ನಿಲ್ಲಿಸಿಬಿಡುತ್ತಾರೆ.

ತಬಲಾದ ಡಗ್ಗಾ ಊದಿಕೊಳ್ಳುವುದಕ್ಕೂ ಒಂದು ಕಥೆಯಿದೆ. ಮೊದಲು ಅವರದು ಚಿರೆಕಲ್ಲಿನ ಗೋಡೆ, ಮಂಗಳೂರು ಹೆಂಚಿನ ಮನೆ. ಹೆಂಚಿನ ಸಂದಿಯಿಂದ ದೂಳು ಬೀಳುತ್ತದೆ, ಮಳೆಗಾಲದಲ್ಲಿ ತಂಪು ಹಿಡಿದು ಆಂಪ್ಲಿಫಯರ್‌ಗೆ ಬೂಷ್ಟು ಬರುತ್ತದೆ ಎಂದು ಮಾಡು ಕೆಡವಿ ಸ್ಲ್ಯಾಬ್ ಹಾಕಿಸಿದರು, ನೆಲಕ್ಕೆ ಕನ್ನಡಿಯಂಥ ಟೈಲ್ಸ್ ಹಾಸಿಸಿದರು. ಸ್ಪೀಕರ್ ಅದೇ, ಕ್ಯಾಸೆಟ್ಟೂ ಅದೇ. ಆದರೆ ಶಬ್ದ ಕೆಟ್ಟುಹೋಯಿತು. ಹೆಂಚಿನ ಮಾಡು ದಪ್ಪ ಶಬ್ದವನ್ನು ತಡೆದು ನಿಲ್ಲಿಸುವುದಿಲ್ಲ, ಬೇಸ್‌ನ ಹೆಚ್ಚಿನ ಪಾಲು ಹಾಗೇ ಆಕಾಶಕ್ಕೆ ಹೋಗುತ್ತದೆ. ಕಾಂಕ್ರೀಟು ಹೆಚ್ಚುಕಡಿಮೆ ಏನನ್ನೂ ಹೊರಗೆ ಬಿಡುವುದಿಲ್ಲ. ಹದಿನೆಂಟು ಅಡಿ ಉದ್ದ, ಹನ್ನೆರಡು ಅಡಿ ಅಗಲದ ಹಾಲ್‌ನಲ್ಲಿ ಶಬ್ದದ ಅಲೆ ಗೋಡೆಯಿಂದ ಗೋಡೆಗೆ ಬಡಿದು ತನ್ನ ಮೇಲೇ ತಾನು ಪೇರಿಕೊಳ್ಳುತ್ತದೆ. ಅಗಲಕ್ಕೆ ಸುಮಾರು 47 ಹರ್ಟ್ಜ್, ಉದ್ದಕ್ಕೆ 31, ಅದರ ದುಪ್ಪಟ್ಟು 63. ಹಾಡಿನಲ್ಲಿ ಆ ಸ್ವರ ಬಂದಾಗಲೆಲ್ಲ ಕೋಣೆ ತಾನೂ ಹಾಡತೊಡಗುತ್ತದೆ, ಅದೂ ಗಾಯಕರಿಗಿಂತ ಜೋರಾಗಿ.

ಮಗ ಬೆಂಗಳೂರಿನಲ್ಲಿದ್ದಾನೆ. ಅವನ ಮನೆಯ ರಿಸೀವರ್‌ನಲ್ಲಿ ಆಡಿಸ್ಸಿ ಎಂಬ ವ್ಯವಸ್ಥೆ ಇದೆ. ನಾಲ್ಕಾರು ಕಡೆ ಮೈಕು ಹಿಡಿದರೆ ತಾನೇ ಲೆಕ್ಕ ಹಾಕಿ ಕೋಣೆಯ ದೋಷವನ್ನು ತಿದ್ದಿಕೊಳ್ಳುತ್ತದೆ. ಅವನು ಅದನ್ನೇ ಅಪ್ಪನಿಗೂ ಕೊಡಿಸಲು ಹೋದ. "ಅದು ಎಂತ ತಿದ್ತು ಅಂತ ನಿಂಗೆ ಗೊತ್ತದೆಯಾ?" ಎಂದು ಮಾಮ ಕೇಳಿದರು. ಮಗನಿಗೆ ಗೊತ್ತಿರಲಿಲ್ಲ. ಮಾತು ಅಲ್ಲಿಗೇ ಮುಗಿಯಿತು. ಅವರಿಗೆ ಬೇಕಾದದ್ದು ಯುಮಿಕ್-1 ಎಂಬ ಅಳತೆಯ ಮೈಕು, ಲ್ಯಾಪ್‌ಟಾಪಿನಲ್ಲಿ ಪುಕ್ಕಟೆ ಸಿಗುವ ರೂಮ್ ಇಕ್ಯೂ ವಿಝರ್ಡ್ ತಂತ್ರಾಂಶ, ಮತ್ತು ಮನೆಮಂದಿಯ ಸಂಪೂರ್ಣ ಮೌನ. ಮೊದಲಿನ ಎರಡು ಬಂದವು.

ಅಳತೆಯ ದಿನ ಫ್ಯಾನ್ ಬಂದ್, ಫ್ರಿಜ್ ಬಂದ್, ಕಿಟಕಿ ಬಂದ್. ಖುರ್ಚಿಯಲ್ಲಿ ಕೂತರೆ ಕಿವಿ ಎಷ್ಟು ಎತ್ತರಕ್ಕೆ ಬರುತ್ತದೋ ಅಷ್ಟು ಎತ್ತರಕ್ಕೆ ಮೈಕನ್ನು ನಿಲ್ಲಿಸಿರುತ್ತಾರೆ. ಆ ಮೈಕಿಗೆ ತನ್ನದೇ ನಂಬರು, ತನ್ನದೇ ತಪ್ಪೊಪ್ಪುಗಳ ಕಡತವಿದೆ. ಅದನ್ನು ಮಾಮ ಜಾತಕ ಎನ್ನುತ್ತಾರೆ. ಜಾತಕ ಹಾಕದೆ ಅಳತೆ ಮಾಡುವಂತಿಲ್ಲ. ಆಮೇಲೆ ಸ್ಪೀಕರ್‌ನಿಂದ ಒಂದು ಧ್ವನಿ ಹೊರಡುತ್ತದೆ: ಇಪ್ಪತ್ತು ಹರ್ಟ್ಜ್‌ನಲ್ಲಿ ನೆಲ ನಡುಗುವ ಗುಡುಗಾಗಿ ಶುರುವಾಗಿ, ಏರುತ್ತ ಏರುತ್ತ ಸೀಟಿಯಾಗಿ, ಕೊನೆಗೆ ಬಾಗಿಲಲ್ಲಿ ಮಲಗಿದ ನಾಯಿಗೆ ಮಾತ್ರ ಕೇಳುವಷ್ಟು ಸಣ್ಣದಾಗಿ ಇಪ್ಪತ್ತು ಸಾವಿರಕ್ಕೆ ಮುಗಿಯುತ್ತದೆ. ನಾಯಿ ಎದ್ದು ಹೊಳೆಯ ಕಡೆ ನಡೆಯುತ್ತದೆ. ಅಷ್ಟರಲ್ಲಿ ಹೊರಗೆ ಮೀನು ಮಾರುವ ಬಾಯಿಯ "ತಾರ್ಲೆ, ಬಂಗಡೇ..." ಎಂಬ ಕೂಗು. ಅಕ್ಕೋರು ಬುಟ್ಟಿ ಹಿಡಿದು ತುದಿಗಾಲಲ್ಲಿ ಬಾಗಿಲಿಗೆ ಓಡುತ್ತಾರೆ. ಬಾಗಿಲಿನ ಅಗಳಿ 'ಕಿರ್' ಎನ್ನುತ್ತದೆ. ಮಾಮ ಲ್ಯಾಪ್‌ಟಾಪಿನಿಂದ ತಲೆ ಎತ್ತಿ, "ಮೀನು ಬಾಯಿ ಒಂದೂವರೆ ಸಾವಿರ ಹರ್ಟ್ಜ್‌ನಲ್ಲಿ ಬಂದು ಕೂತ್ಲು. ಮತ್ತೆ ಮೊದಲಿಂದ" ಎನ್ನುತ್ತಾರೆ. "ಆಯ್ತು, ಆಯ್ತು. ನಿಮ್ದು ಮುಗ್ದ ಮೇಲೆ ಹೇಳಿ, ಕುಕ್ಕರ್ ಇಡ್ತೆ" ಎಂದು ಅಕ್ಕೋರು. ದೂರದಲ್ಲಿ ಕೊಂಕಣ ರೈಲು ಕಾಳಿ ಸೇತುವೆ ದಾಟಿದರೂ ಅಳತೆ ಕೆಟ್ಟಿತೆಂದೇ ಲೆಕ್ಕ. ಹಾಗಾಗಿ ಗಾಡಿಗಳ ವೇಳಾಪಟ್ಟಿ ಗೋಡೆಯ ಮೇಲೆ ಅಂಟಿಸಿದೆ. ಅದರಲ್ಲಿ ಎಷ್ಟು ತಡ ಎಂಬುದನ್ನು ಬರೆದಿಲ್ಲ, ಅದೇ ಅವರ ದುಃಖ.

ಪರದೆಯ ಮೇಲೆ ಏರು ತಗ್ಗಿನ ಗೆರೆ ಮೂಡುತ್ತದೆ. ಏರುಗಳಿಗೆ ಮಾಮ ನಮ್ಮ ಘಟ್ಟಗಳ ಹೆಸರು ಇಟ್ಟಿದ್ದಾರೆ: 47ರದ್ದು ಅಣಶಿ, 63ರದ್ದು ಅರಬೈಲು. ಇಲ್ಲಿ ಅವರನ್ನು ಗೇಲಿ ಮಾಡುವ ಹಾಗಿಲ್ಲ, ಏಕೆಂದರೆ ವಿದ್ಯೆ ನಿಜವಾದದ್ದು. ಅಣಶಿ ಎಷ್ಟು ಎತ್ತರವೋ ಅಷ್ಟನ್ನೇ ಫಿಲ್ಟರ್ ಹಾಕಿ ಹಾಡಿನಿಂದ ಮೊದಲೇ ಕಳೆದು ಸ್ಪೀಕರ್‌ಗೆ ಕಳಿಸಿದರೆ ಕೋಣೆ ಸೇರಿಸುವುದೂ ನಾವು ಕಳೆದದ್ದೂ ಸರಿಹೋಗುತ್ತದೆ. ನನಗೆ ಅರ್ಧ ನಿಮಿಷ ಕೇಳಿಸಿದರು. ಒಂದು ಹಳೆಯ ಸಿನಿಮಾ ಹಾಡು. ತಿದ್ದದೆ ಇದ್ದಾಗ ಬೇಸ್ ಗಿಟಾರ್ ಒಂದೇ ಸ್ವರದಲ್ಲಿ ಗುಂಯ್‌ಗುಡುತ್ತಿತ್ತು. ಗುಂಡಿ ಒತ್ತಿದರು. ಮೂರು ಬೇರೆ ಬೇರೆ ಸ್ವರಗಳು ಒಂದರ ಹಿಂದೊಂದು ಕಾಲಿಟ್ಟು ನಡೆದವು. ನಾನು ತಲೆದೂಗುವಷ್ಟರಲ್ಲಿ ಮಾಮ ನಿಲ್ಲಿಸಿದರು: "ಅರಬೈಲು ಇನ್ನೂ ಎರಡು ಡೆಸಿಬೆಲ್ ಅದೆ."

ಘಟ್ಟವನ್ನು ಕಡಿಯಬಹುದು, ಹೊಂಡವನ್ನು ತುಂಬಲು ಆಗುವುದಿಲ್ಲ. ಎರಡು ಅಲೆಗಳು ಎದುರಾಗಿ ಒಂದನ್ನೊಂದು ಹೊಡೆದು ಹಾಕುವ ಜಾಗವದು. ಅಲ್ಲಿ ಶಬ್ದ ಹೆಚ್ಚಿಸಿದರೆ ಎರಡೂ ಹೆಚ್ಚುತ್ತವೆ, ಮತ್ತೆ ಹೊಡೆದಾಡುತ್ತವೆ. ಹತ್ತು ಡೆಸಿಬೆಲ್ ಏರಿಸಬೇಕೆಂದರೆ ಹತ್ತು ಪಟ್ಟು ಶಕ್ತಿ ಬೇಕು. ಅರವತ್ತು ವ್ಯಾಟಿನ ಆಂಪ್ಲಿಫಯರ್ ಆರುನೂರಕ್ಕೆ ಹೋಗಬೇಕು, ಸ್ಪೀಕರ್ ಕೋನು ಅದಕ್ಕೂ ಮೊದಲೇ ಹರಿಯುತ್ತದೆ. ಇದು ಮಾಮನಿಗೆ ಗೊತ್ತು. ಆದ್ದರಿಂದ ಹೊಂಡವನ್ನು ತುಂಬುವ ಬದಲು ಖುರ್ಚಿಯನ್ನೇ ಸರಿಸಿದರು. ಹಾಲ್‌ನಲ್ಲೆಲ್ಲ ಸರಿಸಿ ನೋಡಿದ ಮೇಲೆ, ಗೆರೆ ಚಂದ ಬರುವ ಜಾಗ ಒಂದೇ ಒಂದು ಸಿಕ್ಕಿತು: ಅಡಿಗೆಮನೆಯ ಬಾಗಿಲು. ಈಗ ಅಕ್ಕೋರು ಹಿತ್ತಲಿನಿಂದ ಸುತ್ತು ಹಾಕಿಕೊಂಡು ಮನೆಯ ಮುಂದಕ್ಕೆ ಬರುತ್ತಾರೆ. "ಅವರ ಗ್ರಾಫು ನೆಟ್ಟಗಾಯ್ತು, ನನ್ನ ಮೊಣಕಾಲು ಡೊಂಕಾಯ್ತು" ಎಂದು ನಮ್ಮ ಮನೆಯ ಜಗಲಿಯಲ್ಲಿ ಕೂತು ಹೇಳಿದರು.

ಈ ಹಟಕ್ಕೆ ಮಾಮನ ಬಳಿ ಪೂರ್ವಜರೊಬ್ಬರಿದ್ದಾರೆ. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಉಪನ್ಯಾಸ ಮಂದಿರದಲ್ಲಿ ಮಾತೇ ತಿಳಿಯುವುದಿಲ್ಲವೆಂದು ವಾಲೇಸ್ ಸ್ಯಾಬಿನ್ ಎಂಬ ತರುಣ ಅಧ್ಯಾಪಕನಿಗೆ ಅದನ್ನು ಸರಿಮಾಡಲು ಹೇಳಿದರು. ಅವನು ರಾತ್ರಿ ಹೊತ್ತು ಪಕ್ಕದ ರಂಗಮಂದಿರದ ಆಸನದ ಮೆತ್ತೆಗಳನ್ನು ಹೊತ್ತು ತಂದು ಒಂದೊಂದಾಗಿ ಜೋಡಿಸುತ್ತ, ಶಬ್ದ ಎಷ್ಟು ಹೊತ್ತಿಗೆ ಅಳಿಯುತ್ತದೆ ಎಂದು ಗಡಿಯಾರ ಹಿಡಿದು ನೋಡಿದ. ಬೆಳಗಾಗುವ ಮೊದಲು ಮೆತ್ತೆಗಳನ್ನು ವಾಪಸ್ಸು ಮುಟ್ಟಿಸಬೇಕಿತ್ತು. ತಾನು ತೊಟ್ಟ ಬಟ್ಟೆಯೂ ಶಬ್ದವನ್ನು ನುಂಗುತ್ತದೆ ಎಂದು ಗೊತ್ತಾದಾಗ ಅಲ್ಲಿವರೆಗಿನ ಸಾವಿರಾರು ಅಳತೆಗಳನ್ನು ಬಿಸಾಡಿ, ಮುಂದೆ ಪ್ರಯೋಗಕ್ಕೆಲ್ಲ ಅದೇ ಕೋಟು, ಅದೇ ಪ್ಯಾಂಟು ತೊಟ್ಟ. ಅವನ ಲೆಕ್ಕದ ಮೇಲೆ ಕಟ್ಟಿದ ಬಾಸ್ಟನ್ ಸಿಂಫನಿ ಹಾಲ್ 1900ರಲ್ಲಿ ತೆರೆದು, ಇವತ್ತಿಗೂ ಜಗತ್ತಿನ ಒಳ್ಳೆಯ ಸಂಗೀತ ಮಂದಿರಗಳಲ್ಲಿ ಒಂದಾಗಿದೆ. ಮಾಮ ಆ ಕಥೆಯಿಂದ ತೆಗೆದುಕೊಂಡದ್ದು ಬಟ್ಟೆಯ ಭಾಗವನ್ನು ಮಾತ್ರ. ಅಳತೆಗೆಂದು ಒಂದು ಬನಿಯನ್ನು, ಒಂದು ಲುಂಗಿ ಬೇರೆ ಎತ್ತಿಟ್ಟಿದ್ದಾರೆ. ಅದನ್ನು ಒಗೆಯುವಂತಿಲ್ಲ, ಒಗೆದರೆ ನೂಲು ಸಡಿಲವಾಗಿ ಲೆಕ್ಕ ತಪ್ಪುತ್ತದಂತೆ.

ಮಳೆಗಾಲಕ್ಕೆ ಬೇರೆಯೇ ಫಿಲ್ಟರ್ ಇದೆ. ಜೂನ್ ಬಂತೆಂದರೆ ನಮ್ಮ ಕಡೆ ಬಟ್ಟೆ ಒಣಗುವುದು ಮನೆಯ ಒಳಗೇ. ಹಾಲ್‌ನ ಉದ್ದಕ್ಕೂ ಹಗ್ಗ ಕಟ್ಟಿ ಅಕ್ಕೋರು ಸೀರೆ, ಚಾದರ, ಕಂಬಳಿ ಹರವುತ್ತಾರೆ. ತಾರ ಶಬ್ದವೆಲ್ಲ ಅಲ್ಲೇ ಅಡಗಿಹೋಗುತ್ತದೆ. ತಂತ್ರಾಂಶದಲ್ಲಿ ಮಾಮ 'ಆಷಾಢ' ಎಂದು ಒಂದು ಫಿಲ್ಟರ್ ಉಳಿಸಿಟ್ಟಿದ್ದಾರೆ, 'ಆಷಾಢ, ಕಂಬಳಿ ಸಹಿತ' ಎಂದು ಇನ್ನೊಂದು. ಕೇಳುವಾಗ ಮಾತ್ರ ಎರಡರಲ್ಲಿ ಯಾವುದೂ ಕೇಳುವುದಿಲ್ಲ, ಪಕ್ಕದ ಕೊಟ್ಟಿಗೆಯ ತಗಡಿನ ಮೇಲೆ ಬೀಳುವ ಮಳೆಯೇ ಕೇಳುತ್ತದೆ.

ಹೋದ ಚೌತಿಯಲ್ಲಿ ನಡೆದದ್ದೇ ಬೇರೆ. ಗಣಪತಿಯ ಮೇಲೆ ಫಲಾವಳಿ ಕಟ್ಟಿದ್ದರು: ಮಾವಿನ ಎಲೆ, ಅಡಿಕೆ ಗೊನೆ, ತೆಂಗಿನಕಾಯಿ, ಮುಳ್ಳುಸೌತೆ, ಹಾಗಲ, ಪಡುವಲ, ಕಾಡಿನ ಹೆಸರಿಲ್ಲದ ಕಾಯಿಗಳು. ಆರತಿ ಮುಗಿದು ಎಲ್ಲರೂ ಊಟಕ್ಕೆ ಎದ್ದಾಗ ಮಾಮ ಅಭ್ಯಾಸಬಲದಿಂದ ಒಂದು ಚಪ್ಪಾಳೆ ಹೊಡೆದರು. 'ಟ್ರ್‌ರ್‌ರ್' ಬರಲಿಲ್ಲ. ಇನ್ನೊಂದು ಹೊಡೆದರು. ಇಲ್ಲ. ತೂಗುಬಿದ್ದ ಕಾಯಿಗಳೆಲ್ಲ ಶಬ್ದವನ್ನು ಹತ್ತು ದಿಕ್ಕಿಗೆ ಚದುರಿಸಿದ್ದವು. ಯಾವ ಫಿಲ್ಟರ್‌ನಿಂದಲೂ ಆಗದ ಕೆಲಸವದು. ಗೋಡೆಗಳ ನಡುವೆ ಪುಟಿಯುವ ಶಬ್ದವನ್ನು ಲೆಕ್ಕದಿಂದ ನಿಲ್ಲಿಸಲು ಬರುವುದಿಲ್ಲ, ನಡುವೆ ಏನಾದರೂ ಇರಲೇಬೇಕು. ಐದನೇ ದಿನ ಗಣಪತಿಯನ್ನು ಹೊಳೆಗೆ ಬಿಟ್ಟು ಬಂದ ಅಕ್ಕೋರು ಫಲಾವಳಿ ಬಿಚ್ಚಲು ಮಣೆ ಹತ್ತಿದರೆ, ಮಾಮ ಎರಡೂ ಕೈ ಅಡ್ಡ ಹಿಡಿದು ನಿಂತರು.

"ಕಾಯಿ ಕೊಳೀತದೆ ಅಂದ್ರೆ."

"ಕೊಳೀಲಿ. ಎರಡು ಕಿಲೋಹರ್ಟ್ಜ್ ಮೇಲೆ ನೋಡು, ಎಷ್ಟು ನುಣುಪು ಅದೆ!"

ಮುಳ್ಳುಸೌತೆ ಅದಾದ ಮೂರನೇ ದಿನಕ್ಕೇ ಸೋತು ಆಂಪ್ಲಿಫಯರ್ ಮೇಲೆ ಬಿತ್ತು. ಹಾಗಲಕ್ಕೆ ನುಸಿ ಮುತ್ತಿತು. ಪಂಚಾಯಿತಿಕೆ ನಡೆದು, ಕೊಳೆಯುವುದೆಲ್ಲ ಅಕ್ಕೋರಿಗೆ, ಕೊಳೆಯದ್ದು ಮಾಮನಿಗೆ ಎಂದಾಯಿತು. ತೆಂಗಿನಕಾಯಿ ನಾಲ್ಕು, ಅಡಿಕೆ ಗೊನೆ ಮೂರು ಮಾಮನ ಪಾಲಿಗೆ ಬಂದವು. ಸಾಂಬಾರಿಗೆ ಕಾಯಿ ಕಡಿಮೆಯಾದ ದಿನಗಳಲ್ಲಿ ತೆಂಗಿನಕಾಯಿಗಳೂ ಒಂದೊಂದಾಗಿ ಕಾಣೆಯಾದವು. ಮಾಮ ಯಾರನ್ನೂ ದೂರಲಿಲ್ಲ, ಪ್ರತಿ ಸಲ ಹೊಸದಾಗಿ ಅಳೆದರು.

ಮೊನ್ನೆ ಕಾರವಾರದಿಂದ ಬಂದ ನೆಂಟರೊಬ್ಬರು ಅಡಿಗೆಮನೆಯ ಬಾಗಿಲಲ್ಲಿ ಕೂತು, "ಇಷ್ಟೆಲ್ಲ ಮಾಡೀರಿ, ಒಂದು ಹಾಡಾದ್ರೂ ಹಾಕಿ ಮಾರಾಯ್ರೆ" ಎಂದರು. ಮಾಮ ತಲೆ ಎತ್ತಿ ಅಡಿಕೆ ಗೊನೆಗಳನ್ನು ನೋಡಿದರು.

"ಈಗ ಬ್ಯಾಡ. ಅಡಿಕೆ ಒಣಗಿ ಹಗುರ ಆಗ್ತಾ ಅದೆ, ಪೂರ್ತಿ ಒಣಗ್ಲಿ. ಮುಂದಿನ ತಿಂಗಳು ಬನ್ನಿ."