ಹಾಡು ಹಾಕು ಅಂದ್ರೆ ಲೆಕ್ಕ ಬರೆದನಂತೆ

ಸಂಕ್ರಾಂತಿಯ ಎಳ್ಳುಬೆಲ್ಲ ಬಾಯಲ್ಲಿರುವಾಗಲೇ ಮನೆಗೆ ಹೊಸ ಕಂಪ್ಯೂಟರ್ ಬಂತು. ‘ಒಂದು ಹಾಡು ಹಾಕಿ ನೋಡೋಣ’ ಅಂದುಕೊಂಡೆ. ಈಗ ಮಾವಿನ ಮಿಡಿ ಉಪ್ಪಿನಕಾಯಿಯಾಗಿ ಜಾಡಿ ಸೇರಿದೆ. ನಾನಿನ್ನೂ ಹಾಡು ಹಾಕುತ್ತಲೇ ಇದ್ದೇನೆ.

ವಿಂಡೋಸ್ ಜೊತೆಗೇ ಒಂದು ಪ್ಲೇಯರ್ ಪುಕ್ಕಟೆ ಬರುತ್ತದೆ. ಕ್ಲಿಕ್ ಮಾಡಿದರೆ ಹಾಡುತ್ತದೆ. ಅದೇ ಅದರ ದೋಷ. ಕ್ಯಾಸೆಟ್ಟಿನ ರೀಲನ್ನು ಪೆನ್ಸಿಲಿನಲ್ಲಿ ಸುತ್ತಿದ ಕೈ ಇದು. ಕ್ಲಿಕ್ ಮಾಡಿದ ಕೂಡಲೇ ಹಾಡಿಬಿಡುವ ವಸ್ತುವನ್ನು ಇಟ್ಟುಕೊಂಡರೆ ಗೆಳೆಯರೆದುರು ಮರ್ಯಾದೆ ಉಳಿಯುತ್ತದೆಯೇ?

ನಮ್ಮ ತಲೆಮಾರಿನ ಕುಲದೇವರು ವಿನ್‌ಆ್ಯಂಪ್. 1997ರಲ್ಲಿ ಜಸ್ಟಿನ್ ಫ್ರಾಂಕೆಲ್ ಎಂಬ ಇಪ್ಪತ್ತೂ ತುಂಬದ ಅಮೆರಿಕದ ಹುಡುಗ, ಡ್ಮಿಟ್ರಿ ಬೋಲ್ಡಿರೆವ್ ಎಂಬ ಜೊತೆಗಾರನೊಡನೆ ಮಾಡಿದ್ದು. ಎರಡೇ ವರ್ಷಕ್ಕೆ ಎಒಎಲ್ ಕಂಪನಿ ಸುಮಾರು 8 ಕೋಟಿ ಡಾಲರಿಗೆ ಅವರ ಅಂಗಡಿಯನ್ನೇ ಕೊಂಡಿತು. ಮುಂದೆ ಮೂರನೇ ಆವೃತ್ತಿ ಯಾರಿಗೂ ಹಿಡಿಸಲಿಲ್ಲ. ಎರಡರ ಹಗುರವನ್ನೂ ಮೂರರ ಬೆಡಗನ್ನೂ ಬೆರೆಸಿ, ನಾಲ್ಕನ್ನು ಹಾರಿ, ನೇರ ಐದು ಅಂತ ಹೆಸರಿಟ್ಟರು. ಎರಡೂ ಮೂರೂ ಐದು. ಸಾಫ್ಟ್‌ವೇರ್ ಲೋಕದಲ್ಲಿ ಕೂಡುವ ಲೆಕ್ಕ ತಾಳೆಯಾದದ್ದು ಅದೊಂದೇ ಸಲ ಇರಬೇಕು. ಕಂಪನಿ ಕೈಯಿಂದ ಕೈಗೆ ದಾಟಿ, 2024ರಲ್ಲಿ ಹೊಸ ಯಜಮಾನರು ಅದರ ಮೂಲ ಕೋಡನ್ನು ಲೋಕದ ಮುಂದೆ ತೆರೆದಿಟ್ಟರು. ಜೊತೆಗೊಂದು ಕರಾರು: ತಿದ್ದಿಕೊಳ್ಳಿ, ಆದರೆ ತಿದ್ದಿದ್ದನ್ನು ಯಾರಿಗೂ ಹಂಚಬೇಡಿ. ನಮ್ಮಜ್ಜಿಯ ಮಡಿ ಅಡುಗೆಮನೆಯೂ ಹೀಗೇ ಇತ್ತು. ಬಾಗಿಲು ಸದಾ ತೆರೆದಿರುತ್ತಿತ್ತು. ಜನ ನಕ್ಕರು, ಜಗಳವಾಡಿದರು. ತಿಂಗಳು ತುಂಬುವ ಮೊದಲೇ ಕೋಡಿನ ಬಾಗಿಲೂ ಮುಚ್ಚಿತು.

ಆ ವಿನ್‌ಆ್ಯಂಪಿಗೆ ಚರ್ಮ ಬದಲಿಸುವ ಸೌಲಭ್ಯವಿತ್ತು. ಸ್ಕಿನ್ ಅನ್ನುತ್ತಿದ್ದರು. ಸೈಬರ್ ಕೆಫೆಯಲ್ಲಿ ಗಂಟೆಗಿಷ್ಟು ಅಂತ ದುಡ್ಡು ಕೊಟ್ಟು, ಫ್ಲಾಪಿಯಲ್ಲಿ ನಾನು ಹೊತ್ತು ತಂದದ್ದು ಹಾಡುಗಳನ್ನಲ್ಲ, ಸ್ಕಿನ್‌ಗಳನ್ನು. ಒಂದು ಹಾಡು ಮೂರೂವರೆ ಎಂಬಿ. ಫ್ಲಾಪಿಯಲ್ಲಿ ಹಿಡಿಯುತ್ತಿರಲಿಲ್ಲ ಎಂಬುದು ನಿಜ. ಹಿಡಿದಿದ್ದರೂ ಸ್ಕಿನ್ನೇ ತರುತ್ತಿದ್ದೆ ಎಂಬುದೂ ನಿಜ.

ವಿನ್‌ಆ್ಯಂಪಿನ ಕೆಳಗೆ ಈಕ್ವಲೈಜರ್. ಹತ್ತು ಕಡ್ಡಿಗಳು, 60 ಹರ್ಟ್ಸ್‌ನಿಂದ 16 ಕಿಲೋಹರ್ಟ್ಸ್‌ವರೆಗೆ. ಜಗತ್ತಿನ ಎಲ್ಲ ಗಂಡಸರೂ ಅದನ್ನು ಒಂದೇ ರೀತಿ ಇಡುತ್ತಾರೆ: ಎರಡು ತುದಿ ಮೇಲೆ, ನಡು ಕೆಳಗೆ, ಥೇಟ್ ಉಯ್ಯಾಲೆ. ಮನುಷ್ಯನ ದನಿಯ ಮುಖ್ಯ ಭಾಗವೆಲ್ಲ ಇರುವುದು ಆ ನಡುವಿನಲ್ಲೇ. ಅಂದರೆ ಡೋಲು ಎದೆಗೆ ಗುದ್ದಬೇಕು, ತಾಳ ಕಿವಿಗೆ ಚುಚ್ಚಬೇಕು, ಹಾಡುವವರು ಮಾತ್ರ ಪಕ್ಕದ ಮನೆಯಲ್ಲಿ ಹಾಡಬೇಕು. ಇನ್ನು ಆ 16 ಕಿಲೋಹರ್ಟ್ಸ್ ಕಡ್ಡಿ. ಕಿವಿ ಡಾಕ್ಟರ ಮಾಮೂಲಿ ಪರೀಕ್ಷೆ 8ಕ್ಕೇ ಮುಗಿಯುತ್ತದೆ. ನಾನು ಅದರಲ್ಲೇ ಎಡವಿದವನು. ಆದರೂ ಒಂದು ರಾತ್ರಿ ಹನ್ನೊಂದರವರೆಗೆ ಆ ಕಡ್ಡಿಯನ್ನು ಕೂದಲೆಳೆಯಷ್ಟು ಮೇಲೆ ಕೆಳಗೆ ಮಾಡಿ, ‘ಹಾಂ, ಈಗ ಬಂತು’ ಅಂದೆ. ಏನು ಬಂತೋ, ನಿದ್ದೆಯಂತೂ ಬರಲಿಲ್ಲ.

ವಿಎಲ್‌ಸಿ ಇದೆಯಲ್ಲ ಎಂದು ಮಗಳು ನೆನಪಿಸಿದಳು. ರಸ್ತೆ ರಿಪೇರಿಯ ಕಿತ್ತಳೆ ಶಂಕುವನ್ನೇ ಗುರುತಾಗಿಟ್ಟು ಪ್ಯಾರಿಸ್ಸಿನ ವಿದ್ಯಾರ್ಥಿಗಳು ಮಾಡಿದ ಪ್ಲೇಯರ್. ವಾಲ್ಯೂಮ್ ನೂರಕ್ಕೆ ನೂರಿಪ್ಪತ್ತೈದು ಕೊಡುತ್ತದೆ. ನಮ್ಮ ಟ್ಯೂಷನ್ ಸೆಂಟರುಗಳ ಜಾಹೀರಾತೂ ಇಷ್ಟು ಧೈರ್ಯ ಮಾಡಿಲ್ಲ. ಬೇಡವೆಂದೆ. ಯಾವ ಫೈಲ್ ಕೊಟ್ಟರೂ ಮರುಮಾತಿಲ್ಲದೆ ನುಡಿಸುವ ಪ್ಲೇಯರಿನಲ್ಲಿ ನನ್ನ ಕೈಚಳಕ ತೋರಿಸಲು ಜಾಗವೆಲ್ಲಿ?

ಕೊನೆಗೆ ಶರಣಾದದ್ದು ಫೂಬಾರ್2000ಕ್ಕೆ. ಹೆಸರಿನಲ್ಲಿ 2000, ಹುಟ್ಟಿದ್ದು 2002. ಪೀಟರ್ ಪಾವ್ಲೊವ್‌ಸ್ಕಿ ಎಂಬವರ ಸೃಷ್ಟಿ. ತೆರೆದರೆ ಗೋಡೆಗೆ ಸುಣ್ಣವನ್ನೂ ಬಳಿಯದ ಬಾಡಿಗೆ ಮನೆಯಂತಿರುತ್ತದೆ: ಬಿಳಿ ಖಾನೆ, ಬೂದು ಗೆರೆ, ಅಷ್ಟೇ. ಡಾರ್ಕ್ ಮೋಡ್ ಕೊಡುವುದಕ್ಕೇ 2023 ಆಗಬೇಕಾಯಿತು. ಆದರೆ ಭಕ್ತರು ಹೇಳುವಂತೆ ‘ಏನು ಬೇಕಾದರೂ ಮಾಡಿಕೊಳ್ಳಬಹುದು’. ಹಾಡಿನ ಹೆಸರು ಎಡಕ್ಕೆ ಬರಬೇಕೆ, ಬಲಕ್ಕೆ ಬರಬೇಕೆ? ಅದಕ್ಕೊಂದು ಪುಟ್ಟ ಭಾಷೆಯೇ ಇದೆ. ಡಾಲರ್ ಗುರುತು, ಶೇಕಡಾ ಗುರುತು, ಆವರಣದೊಳಗೆ ಆವರಣ. ಒಂದು ಅಕ್ಷರ ತಪ್ಪಿದರೆ ಎಸ್. ಜಾನಕಿ ಇರಬೇಕಾದ ಕಡೆ ಪ್ರಶ್ನಾರ್ಥಕ ಚಿಹ್ನೆ.

ಹೀಗೆ ಖಾನೆಗಳು ಸಿದ್ಧವಾದವು. ತುಂಬಲು ಹೋದಾಗ ತಿಳಿಯಿತು, ಅವನ್ನು ಮಾಡಿದವರು ನಮ್ಮ ಕಡೆಯವರಲ್ಲ. ಹಾಡಿನ ಫೈಲಿಗೆ ಕಟ್ಟುವ ಚೀಟಿಗೆ ಐಡಿ3 ಟ್ಯಾಗ್ ಅನ್ನುತ್ತಾರೆ. 1996ರ ಮೊದಲ ಆವೃತ್ತಿಯಲ್ಲಿ ಒಟ್ಟು 128 ಬೈಟ್, ಹಾಡಿನ ಹೆಸರಿಗೆ 30. ಯುಟಿಎಫ್-8 ಲೆಕ್ಕದಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೆ, ಕೊಂಬು ಗುಡಿಸು ವಿರಾಮಕ್ಕೆಲ್ಲ, ಮೂರು ಮೂರು ಬೈಟ್ ಬೇಕು. ‘ಲಕ್ಷ್ಮಿ’ ಒಬ್ಬಳೇ ಬಂದು ಕೂತರೆ 21 ಮುಗಿಯಿತು. ಉಳಿದದ್ದು ಒಂಬತ್ತು, ‘ದೇವಿ’ಗೆ ಬೇಕು ಹನ್ನೆರಡು. ಹೊಸಿಲಲ್ಲೇ ನಿಲ್ಲಬೇಕು. ಸಂಗೀತದ ಜಾತಿ ಬರೆಯುವ ಕಡೆಯಂತೂ ಎಂಬತ್ತು ಹೆಸರುಗಳ ಪಟ್ಟಿ: ಪೋಲ್ಕಾ ಇದೆ, ಕುಚೇಷ್ಟೆಗೂ ಒಂದು ನಂಬರಿದೆ. ಕರ್ನಾಟಕ ಸಂಗೀತ ಇಲ್ಲ, ಹಿಂದೂಸ್ತಾನಿ ಇಲ್ಲ. 48ನೇ ನಂಬರಿಗೆ ‘ಎಥ್ನಿಕ್’ ಅಂತಿದೆ. ಭೀಮಸೇನ ಜೋಶಿಯವರನ್ನು ಸೀರೆ ಅಂಗಡಿಯಲ್ಲಿ ಕೂರಿಸಿದ ಹಾಗೆ. ಆಮೇಲಿನ ಆವೃತ್ತಿ ಜಾಗವನ್ನೇನೋ ಧಾರಾಳ ಕೊಟ್ಟಿತು. ಬುದ್ಧಿ ಕೊಡಲಿಲ್ಲ.

‘ಆರ್ಟಿಸ್ಟ್’ ಎಂಬ ಖಾನೆಗೆ ಏನು ಬರೆಯುವುದು? ಕಸ್ತೂರಿ ನಿವಾಸದ ಹಾಡು ಹಾಡಿದ್ದು ಪಿ.ಬಿ. ಶ್ರೀನಿವಾಸ್. ಕನ್ನಡನಾಡಿನಲ್ಲಿ ಯಾರನ್ನಾದರೂ ಕೇಳಿ, ‘ಅಣ್ಣಾವ್ರ ಹಾಡು’ ಅನ್ನುತ್ತಾರೆ. ಅಣ್ಣಾವ್ರು ತಾವೇ ಖಾಯಂ ಹಾಡತೊಡಗಿದ್ದು 1974ರ ಸಂಪತ್ತಿಗೆ ಸವಾಲ್ ನಂತರ. ಸತ್ಯ ಬರೆದರೆ ಹುಡುಕಿದಾಗ ಸಿಗುವುದಿಲ್ಲ, ಸಿಗುವಂತೆ ಬರೆದರೆ ಪಿಬಿಎಸ್‌ಗೆ ದ್ರೋಹ. ಭಾವಗೀತೆಯದ್ದು ಇನ್ನೂ ಫಜೀತಿ: ಪದ ಕೆ.ಎಸ್.ನ. ಅವರದ್ದು, ಧಾಟಿ ಒಬ್ಬರದು, ಕಂಠ ಮತ್ತೊಬ್ಬರದು, ಕ್ಯಾಸೆಟ್ಟಿನ ಮೇಲಿನ ಫೋಟೋ ಇನ್ಯಾರದೋ. ಈ ಒಂದು ಖಾನೆಗೆ ನಾನು ಇಡೀ ಫೆಬ್ರವರಿ ಕೊಟ್ಟೆ.

ಮಾರ್ಚಿ ಹೊತ್ತಿಗೆ 6,842 ಹಾಡುಗಳನ್ನೂ ಗಾಯಕರವಾರು ಜೋಡಿಸು ಎಂದು ಗುಂಡಿ ಒತ್ತಿದೆ. ನನ್ನ ಸಂಗ್ರಹದಲ್ಲಿ ಅತಿ ಹೆಚ್ಚು ಹಾಡಿದವರು ಎಸ್‌ಪಿಬಿ ಎಂದು ಬಾಜಿ ಕಟ್ಟುತ್ತಿದ್ದೆ. ಅಲ್ಲ. 2,310 ಹಾಡುಗಳೊಂದಿಗೆ ಮೊದಲ ಸ್ಥಾನದಲ್ಲಿದ್ದದ್ದು ಒಂದು ಕಳ್ಳ ವೆಬ್‌ಸೈಟ್. ಫುಟ್‌ಪಾತಿನಲ್ಲಿ ಮೂವತ್ತು ರೂಪಾಯಿಗೆ ಕೊಂಡ ಎಂಪಿ3 ಸೀಡಿಗಳ ಪುಣ್ಯ. ಗಾಯಕ ಅದೇ, ಸಂಗೀತ ಅದೇ, ಸಾಹಿತ್ಯವೂ ಅದೇ. ದಾಸರ ಪದಗಳಿಗೂ ಅದರದೇ ಅಂಕಿತ. ಏಪ್ರಿಲ್ ಅದನ್ನು ಒರೆಸುವುದಕ್ಕೆ ಹೋಯಿತು.

ಮೇ ತಿಂಗಳಲ್ಲಿ ಅಂದ ನೋಡಿದೆ. ಗುಂಡಿಗಳೆಲ್ಲ ಹಳ್ಳಿತನ ಎನಿಸಿತು. ನಿಲ್ಲಿಸು, ಮುಂದೆ, ಹಿಂದೆ, ಒಂದೊಂದಾಗಿ ಕಿತ್ತು ಬಿಸಾಕಿದೆ. ಎಲ್ಲಕ್ಕೂ ಕೀಲಿಗಳ ಒಳಸಂಚು ಹೆಣೆದೆ. ಮೂರು ಕೀಲಿ ಒಟ್ಟಿಗೆ ಒತ್ತಿದರೆ ಹಾಡು. ಯಾವ ಮೂರು ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಟ್ಟಿದ್ದೇನೆ. ಚೀಟಿ ಎಲ್ಲೋ ಇದೆ.

ಕಳೆದ ಭಾನುವಾರ ಊಟಕ್ಕೆ ಬಂದ ಭಾವಮೈದ ಕೈ ಒರೆಸಿಕೊಳ್ಳುತ್ತಾ ಕಂಪ್ಯೂಟರ್ ಮುಂದೆ ಕೂತ. ವೃತ್ತಿಯಲ್ಲಿ ಆಡಿಟರ್. ಕಪ್ಪು ಪರದೆಯ ಮೇಲೆ ಹನ್ನೊಂದು ಖಾನೆ, ಆರು ಸಾವಿರ ಸಾಲು. ಹತ್ತಿರ ಬಗ್ಗಿದ. ಕನ್ನಡಕ ಏರಿಸಿದ. ಮೊದಲ ಬಾರಿಗೆ ನನ್ನನ್ನು ಗೌರವದಿಂದ ನೋಡಿದ.

‘ಭಾವ, ಇದು ಯಾವ ಕಂಪನೀದು?’

‘ಸ್ವಂತದ್ದು’ ಅಂದೆ.

‘ರಿಟರ್ನ್ಸ್ ಫೈಲ್ ಆಗಿದೆಯಾ?’

‘ಇಲ್ಲ ಮಾರಾಯ. ಆಲ್ಬಂ ಆರ್ಟ್ ಒಂದು ಬಾಕಿ ಇದೆ.’